ಬಿಟ್ಟಿ ಕೊಟ್ಟರೂ ಬೇಡದ ಗಾಡಿ

ಡಾರ್ಸಿ ಹಾಸ್ಕಿನ್ ತನ್ನ ಲಾರಿಯ ಮೇಲಿನ ಟಾರ್ಪಾಲು ಎಳೆದಾಗ ಅಲ್ಲಿ ಸೇರಿದ್ದ ಹನ್ನೆರಡು ಜನರಲ್ಲಿ ಹನ್ನೊಂದು ಜನ 'ಓಹೋ' ಎಂದು ಕೂಗಿದರು. ಕೂಗದೇ ಉಳಿದವನು ಸೆಲ್ವಿನ್ ಟ್ರೆಜೈಸ್. ಅವನ ಬಾಯಲ್ಲಿ ಆಗ ಅರ್ಧ ಸಾಸೇಜ್ ಇತ್ತು. ಅದು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಟಾರ್ಪಾಲಿನ ಕೆಳಗೆ ಇದ್ದದ್ದು ಬ್ರೆನ್ ಕ್ಯಾರಿಯರ್. ಎರಡನೇ ಮಹಾಯುದ್ಧದ ಕಾಲದ ಉಕ್ಕಿನ ಕವಚದ ಗಾಡಿ. ಚಕ್ರದ ಮೇಲೆ ಸರಪಳಿ ಪಟ್ಟೆ, ತಲೆಯ ಮೇಲೆ ಸೂರಿಲ್ಲ, ಮುಂದೆ ಇಬ್ಬರು ಕೂರುವಷ್ಟು ಜಾಗ. ಎತ್ತರ ನೋಡಿದರೆ ಎದೆಮಟ್ಟ, ತೂಕ ನೋಡಿದರೆ ನಾಲ್ಕು ಟನ್. ಯುದ್ಧ ಮುಗಿದ ಮೇಲೆ ಸೈನ್ಯದವರು ಇವನ್ನು ಹರಾಜು ಹಾಕಿದಾಗ ನಮ್ಮ ವಿಮೆರಾ ಗೋಧಿ ಸೀಮೆಯ ರೈತರು ಟ್ರ್ಯಾಕ್ಟರಿಗಿಂತ ಅಗ್ಗ ಎಂದು ಕೊಂಡು ತಂದರು. ಪೊದೆ ಕೀಳಿಸಿದರು, ಮರದ ಬೊಡ್ಡೆ ಎಳೆಸಿದರು, ಕೆಟ್ಟು ನಿಂತಾಗ ಎಲ್ಲೋ ಮರದ ಕೆಳಗೆ ಬಿಟ್ಟು ಮರೆತರು. ಈಗ ಅವೇ ಬೇಕೆಂದು ಅರವತ್ತು ದಾಟಿದ ಗಂಡಸರು ಹೊಲ ಹೊಲ ಅಲೆಯುತ್ತಾರೆ. ಹಳೇ ಮಿಲಿಟರಿ ಗಾಡಿಗಳ ಸಂಘ ಎಂದು ಬೋರ್ಡು ಹಾಕಿಕೊಂಡು, ತಿಂಗಳ ಎರಡನೇ ಭಾನುವಾರ ಡಿಂಬೂಲಾದ ಪ್ರದರ್ಶನ ಮೈದಾನದಲ್ಲಿ ಸೇರಿ, ಸಾಸೇಜ್ ಸುಟ್ಟು ತಿನ್ನುತ್ತ, ಒಬ್ಬರ ಗಾಡಿ ನೋಡಿ ಇನ್ನೊಬ್ಬರು ಒಳಗೊಳಗೇ ಬೇಯುತ್ತಾರೆ.

ಆ ಕ್ಯಾರಿಯರನ್ನು ಗುರುತು ಹಿಡಿಯಲು ಸೆಲ್ವಿನ್ ಹತ್ತಿರ ಹೋಗಬೇಕಾಗಿರಲಿಲ್ಲ. ಎಡಗಡೆಯ ಮಡ್‌ಗಾರ್ಡು ಯಾವುದೋ ಕಾಲದಲ್ಲಿ ಗೇಟಿಗೆ ತಗುಲಿ ಬಗ್ಗಿದ್ದು, ಹಿಂದೆ ನೇಗಿಲು ಕಟ್ಟಲು ಬೆಸೆದ ಕೊಕ್ಕೆ, ಡ್ರೈವರ್ ಕೂರುವಲ್ಲಿ ಕೋಳಿ ಮೊಟ್ಟೆಯಿಡಲೆಂದು ಹಾಸಿದ ಗೋಧಿ ಹುಲ್ಲು. ಆ ಹುಲ್ಲು ಹಾಸಿದವನೇ ಅವನು. ಇದು ಜೆಪರಿಟ್ ಆಚೆಯ ನೋಸ್ಕಿಯವರ ಕ್ಯಾರಿಯರ್. ಅಂದರೆ ತನ್ನದು. ಕಾಗದದಲ್ಲಿ ತನ್ನದಲ್ಲ, ನಿಜ. ಆದರೆ ಹನ್ನೊಂದು ವರ್ಷದಿಂದ ರಾತ್ರಿ ಮಲಗುವಾಗ ಅದಕ್ಕೆ ಯಾವ ಬಣ್ಣ ಹಚ್ಚಬೇಕು ಎಂದು ಯೋಚಿಸಿಕೊಂಡೇ ಕಣ್ಣು ಮುಚ್ಚುತ್ತಿದ್ದ ಮನುಷ್ಯ ಮತ್ತೇನೆಂದುಕೊಳ್ಳಬೇಕು?

"ಎಲ್ಲಿ ಸಿಕ್ತೋ ಮಾರಾಯ ಇದು?" ಎಂದು ಯಾರೋ ಕೇಳಿದರು.

"ಒಬ್ಬರು ಅಜ್ಜಿ ಮನೇಲಿ. ಮಳೆನೀರಿನ ತೊಟ್ಟಿ ಒಡೆದೋಗಿದೆ ಬಾ ಅಂತ ಫೋನ್ ಮಾಡಿದ್ರು. ಹೋದೆ. ಮರದ ಕೆಳಗೆ ನಿಂತಿತ್ತು. ಕೊಡ್ತೀರಾ ಅಂತ ಕೇಳ್ದೆ. ಕೊಟ್ರು," ಎಂದ ಡಾರ್ಸಿ. ತೊಟ್ಟಿ, ಪಂಪು, ಗಾಳಿಯಂತ್ರ ಮಾರುವುದೇ ಅವನ ಕಸುಬು.

"ಅಷ್ಟೇನಾ?"

"ಅಷ್ಟೇ. ಹೊಸ ತೊಟ್ಟಿ ಹಾಕ್ಕೊಟ್ಟೆ, ಇದನ್ನ ಎತ್ಕೊಂಡ್ ಬಂದೆ. ಮೇಲೆ ಕೇಕು ಬೇರೆ ಕೊಟ್ರು."

ಎಲ್ಲರೂ ನಕ್ಕರು. ಕೇಕಿನ ಮಾತು ಸೆಲ್ವಿನ್‌ಗೆ ಎದೆಗೆ ಒದ್ದ ಹಾಗಾಯಿತು. ಆ ಕೇಕೂ ತನ್ನದೇ ಆಗಿತ್ತಲ್ಲ.

"ಏನಪ್ಪಾ ಸೆಲ್ವಿನ್, ಮೂಗು ಮುಚ್ಕೊಂಡು ನಿಂತ್ಕೋ," ಎಂದು ಒಬ್ಬ ಛೇಡಿಸಿದ. "ನಿಂಗೆ ಕ್ಯಾರಿಯರ್ ಕಂಡ್ರೇ ಆಗಲ್ವಲ್ಲ!"

ಸೆಲ್ವಿನ್ ಸಾಸೇಜ್ ನುಂಗಿದ. ಹನ್ನೆರಡು ಜೊತೆ ಕಣ್ಣು ಅವನ ಮೇಲಿದ್ದವು.

"ಹಂದಿ ಮುಸುರೆ ಬಾನಿ," ಎಂದ. "ಸರಪಳಿ ಕಟ್ಟಿದ್ದಾರೆ ಅಷ್ಟೇ."

ಮತ್ತೆ ನಗು. ಎಲ್ಲರಿಗಿಂತ ಜೋರಾಗಿ ಡಾರ್ಸಿಯೇ ನಕ್ಕ.

ಡಾರ್ಸಿಯನ್ನು ಕಂಡರೆ ಸೆಲ್ವಿನ್‌ಗೆ ಹೊಟ್ಟೆಕಿಚ್ಚು ಶುರುವಾದದ್ದು ಕ್ಯಾರಿಯರಿನಿಂದಲ್ಲ. ಇಪ್ಪತ್ತು ವರ್ಷದ ಗೆಳೆತನದ ಉದ್ದಕ್ಕೂ ಅದು ಜೊತೆಯಲ್ಲೇ ಬೆಳೆದು ಬಂದಿತ್ತು. ಡಾರ್ಸಿಯ ಜೀಪು ಚಳಿಗಾಲದ ಬೆಳಿಗ್ಗೆಯೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಡಾರ್ಸಿಗೆ ಅರವತ್ತನಾಲ್ಕಾದರೂ ತಲೆ ತುಂಬ ಕೂದಲಿತ್ತು. ಡಾರ್ಸಿ ಯಾರ ಮನೆಗೆ ಹೋದರೂ ಐದು ನಿಮಿಷದಲ್ಲಿ ಆ ಮನೆಯ ನಾಯಿ ಅವನ ಕಾಲ ಬಳಿ ಮಲಗಿರುತ್ತಿತ್ತು. ತನಗೆ ಬೆವರು ಸುರಿಸಿದರೂ ಸಿಗದ್ದು ಅವನಿಗೆ ದಾರಿಯಲ್ಲಿ ಬಿದ್ದು ಸಿಗುತ್ತದೆ ಎನ್ನುವುದು ಸೆಲ್ವಿನ್‌ನ ಹಳೇ ದೂರು. ಆದರೆ ಅದೆಲ್ಲ ಸಣ್ಣಪುಟ್ಟ ಉರಿ. ಇವತ್ತಿನದು ಬೇರೆ. ಇವತ್ತು ಅವನಿಗೆ ಡಾರ್ಸಿಯ ಲಾರಿಯ ಟೈರು ಕೊಯ್ಯುವ ಮನಸ್ಸಾಯಿತು.

ಹನ್ನೊಂದು ವರ್ಷದ ಹಿಂದೆ ಸೆಲ್ವಿನ್ ಗೋಧಿ ಕಣಜಗಳ ಮೋಟಾರು ರಿಪೇರಿ ಮಾಡಿಕೊಂಡಿದ್ದ. ಒಂದು ಮಧ್ಯಾಹ್ನ ದಾರಿ ತಪ್ಪಿ ನೋಸ್ಕಿಯವರ ಹೊಲಕ್ಕೆ ನುಗ್ಗಿದವನಿಗೆ ಪೆಪ್ಪರ್‌ಕಾರ್ನ್ ಮರದ ಕೆಳಗೆ ಕ್ಯಾರಿಯರ್ ಕಂಡಿತು. ಕಾಲು ಅಲ್ಲೇ ಕಟ್ಟಿಹಾಕಿದಂತಾಯಿತು. ಅಷ್ಟರಲ್ಲಿ ಮನೆಯೊಡೆಯ, ಮುದುಕ ಬ್ರೂನೋ ನೋಸ್ಕಿ, ಹೊರಗೆ ಬಂದ.

"ನೀನೂ ಅದನ್ನ ಕೇಳೋಕೆ ಬಂದ್ಯಾ? ನಿನ್ನ ಮುಂಚೆ ಏಳು ಜನ ಬಂದಿದ್ರು. ಏಳು ಜನಕ್ಕೂ ಗೇಟು ತೋರಿಸಿದೀನಿ."

"ಇಲ್ಲ ಸಾರ್, ದಾರಿ ತಪ್ತು," ಎಂದ ಸೆಲ್ವಿನ್ ಥಟ್ಟನೆ. "ಅದೇನದು, ಕೋಳಿ ಗೂಡಾ?"

ಮುದುಕ ಹೊಟ್ಟೆ ಹಿಡಿದು ನಕ್ಕ. ಒಳಗೆ ಕರೆದು ಟೀ ಕೊಡಿಸಿದ. ಅವನ ಹೆಂಡತಿ ಹಿಲ್ಡಾ ಮೇಲೆ ಸಕ್ಕರೆ ಹಿಟ್ಟು ಉದುರಿಸಿದ ಈಸ್ಟ್ ಕೇಕು ಕೊಯ್ದು ಕೊಟ್ಟಳು. ನಮ್ಮ ಕಡೆಯ ಜರ್ಮನ್ ಮನೆಗಳಲ್ಲಿ ಆ ಕೇಕು ಕೊಟ್ಟರೆಂದರೆ ಇನ್ನೊಮ್ಮೆ ಬಾ ಎಂದ ಹಾಗೆ.

ಗಾಡಿ ಕೂಡಿಡುವವರಲ್ಲಿ ಒಂದು ರೀತಿಯಿದೆ. ಮೊದಲು ಬಾಯಿ ಬಿಟ್ಟು ಕೇಳಿದವನು ಕೆಟ್ಟ. ಹೋಗುತ್ತಿರಬೇಕು, ಟೀ ಕುಡಿಯಬೇಕು, ಪಂಪು ರಿಪೇರಿ ಮಾಡಿಕೊಡಬೇಕು, ಬೇಲಿ ಬಿಗಿಯಬೇಕು. ಗಾಡಿಯ ಕಡೆ ಕಣ್ಣೆತ್ತಿಯೂ ನೋಡಬಾರದು. ಯಾವತ್ತೋ ಒಂದು ದಿನ ಒಡೆಯನೇ, 'ಆ ಹಳೇ ಕಬ್ಬಿಣ ನಿಂಗೇನಾದ್ರೂ ಬೇಕಾ?' ಎನ್ನುತ್ತಾನೆ. ಆಗಲೂ ತಕ್ಷಣ ಹೂಂ ಅನ್ನಬಾರದು. ಸೆಲ್ವಿನ್ ಈ ರೀತಿಯನ್ನು ಚರ್ಚಿನ ಪ್ರಾರ್ಥನೆಗಿಂತ ನಿಷ್ಠೆಯಿಂದ ಪಾಲಿಸಿದ. ತಿಂಗಳ ಮೊದಲ ಶನಿವಾರ ಬಂತೆಂದರೆ ನೋಸ್ಕಿಯವರ ಗೇಟಿನ ಮುಂದೆ ಅವನ ವ್ಯಾನು ನಿಲ್ಲುತ್ತಿತ್ತು. ಎರಡನೇ ವರ್ಷ ಬ್ರೂನೋ ತೀರಿಕೊಂಡ. ಮಣ್ಣು ಮಾಡಿದ ಮರುದಿನವೇ ವಿಧವೆಯ ಹತ್ತಿರ ಗಾಡಿ ಕೇಳುವುದು ಮನುಷ್ಯರ ಲಕ್ಷಣವೇ? ಕೇಳಲಿಲ್ಲ. ಒಂದು ವರ್ಷ ಕಳೆಯಲಿ ಎಂದುಕೊಂಡ. ಕಳೆದ ಮೇಲೆ ಕೇಳಿದರೆ, 'ಓ, ಇದಕ್ಕಾ ನೀನು ಬರ್ತಿದ್ದದ್ದು?' ಎಂದುಬಿಟ್ಟರೆ ಎಂದು ಹೆದರಿದ. ಹೋದಷ್ಟೂ ಕೇಳುವುದು ಕಷ್ಟವಾಯಿತು. ಬಾಯಿ ಕಟ್ಟಿಕೊಂಡು ಹಳೇ ತಗಡಿನ ತೊಟ್ಟಿಗೆ ತೇಪೆ ಹಾಕುತ್ತ, ಅವಳ ಕೋಳಿಗಳ ಕ್ಷೇಮ ವಿಚಾರಿಸುತ್ತ ಒಂಬತ್ತು ವರ್ಷ ನೂಕಿದ.

ಇನ್ನೊಂದು ರೀತಿಯೂ ಇದೆ. ಬೇಕಾದ ವಸ್ತುವನ್ನು ನಾಲ್ಕು ಜನರ ಮುಂದೆ ಹೀಗಳೆಯಬೇಕು. ಇಲ್ಲದಿದ್ದರೆ ಉಳಿದವರೂ ಅದರ ಹಿಂದೆ ಬೀಳುತ್ತಾರೆ. ಇದನ್ನು ಎಲ್ಲರೂ ಮಾಡುತ್ತಾರೆ, ಆದರೆ ಒಂದು ಹದದಲ್ಲಿ ಮಾಡುತ್ತಾರೆ. ನಮ್ಮ ಸೆಲ್ವಿನ್‌ಗೆ ಹದ ಎನ್ನುವುದು ಗೊತ್ತಿಲ್ಲ. ಕ್ಯಾರಿಯರ್ ಎಂಬ ಹೆಸರೆತ್ತಿದರೆ ಸಾಕು, ಅವನು ಮೈಮೇಲೆ ಬಂದವನಂತೆ ಬೈಯುತ್ತಿದ್ದ. ಸದ್ದು ಜಾಸ್ತಿ, ಓಟ ಕಡಿಮೆ, ಬೇಸಿಗೆಯಲ್ಲಿ ಒಲೆ, ಮಳೆಯಲ್ಲಿ ಬಾವಿ. ಸಂಘದ ಪತ್ರಿಕೆಯಲ್ಲಿ ಎರಡು ಪುಟದ ಲೇಖನವನ್ನೇ ಬರೆದ. ಅದನ್ನು ಓದಿ ಹಾರ್ಷಮ್ಮಿನ ಒಬ್ಬ ತಾನು ಗೊತ್ತುಮಾಡಿಕೊಂಡಿದ್ದ ಕ್ಯಾರಿಯರನ್ನು ಬೇಡವೆಂದು ಕೈಬಿಟ್ಟನಂತೆ. ಆ ಸುದ್ದಿ ಕೇಳಿದ ದಿನ ಸೆಲ್ವಿನ್ ಖುಷಿಯಲ್ಲಿ ಇನ್ನೊಂದು ಬಿಯರ್ ತೆಗೆದಿದ್ದ.

ಹೋದ ತಿಂಗಳ ಭಾನುವಾರ, ಸಾಸೇಜ್ ಸುಡುವ ಒಲೆಯ ಮುಂದೆ ಇಕ್ಕಳ ಹಿಡಿದು ನಿಂತ ಡಾರ್ಸಿ ಇದ್ದಕ್ಕಿದ್ದಂತೆ ಕೇಳಿದ್ದ: "ಸೆಲ್, ಎಲ್ಲಾದ್ರೂ ಒಂದು ಕ್ಯಾರಿಯರ್ ಸಿಕ್ರೆ ನಿಂಗೆ ಬೇಕೇನೋ?"

ಸೆಲ್ವಿನ್‌ನ ಕಿವಿ ನೆಟ್ಟಗಾಯಿತು. ಇವನಿಗೆ ಎಲ್ಲೋ ವಾಸನೆ ಹತ್ತಿದೆ, ನನ್ನ ಬಾಯಿ ಬಿಡಿಸಲು ನೋಡುತ್ತಿದ್ದಾನೆ ಎಂದುಕೊಂಡ. ಬೇಕೆಂದೇ ಆಕಳಿಸಿದ.

"ಬಿಟ್ಟಿ ಕೊಟ್ರೂ ಬೇಡ ಮಾರಾಯ. ಶೆಡ್ಡಲ್ಲಿ ಜಾಗ ದಂಡ."

"ನಿಜವಾಗ್ಲೂ?"

"ಎಷ್ಟು ಸಲ ಹೇಳ್ಬೇಕೋ ನಿಂಗೆ? ಸಾಸೇಜ್ ಸೀಯ್ತಿದೆ ನೋಡು."

ಆ ದಿನ ಮನೆಗೆ ಬರುವಾಗ ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡಿದ್ದ. ಅದಾದ ಮೇಲೆ ಬಂದ ಈ ತಿಂಗಳ ಮೊದಲ ಶನಿವಾರ ಮಾತ್ರ ಮಗಳು ಮನೆ ಬದಲಾಯಿಸುತ್ತಾಳೆಂದು ಬೆಂಡಿಗೋಗೆ ಹೋಗಿ ಹಿಲ್ಡಾಳ ಮನೆ ತಪ್ಪಿತ್ತು. ಹನ್ನೊಂದು ವರ್ಷದಲ್ಲಿ ತಪ್ಪಿದ್ದು ಅದೊಂದೇ ಶನಿವಾರ.

ಟಾರ್ಪಾಲು ಎಳೆದ ಭಾನುವಾರ ಸೆಲ್ವಿನ್ ಮನೆಗೆ ಬಂದವನೇ ಶೆಡ್ಡಿನ ಮೂಲೆಯ ಹಳೇ ತಂಬಾಕಿನ ಡಬ್ಬಿ ತೆಗೆದ. ಅದರೊಳಗೆ ಬಟ್ಟೆಯಲ್ಲಿ ಸುತ್ತಿದ ಅಂಗೈಯಗಲದ ಹಿತ್ತಾಳೆ ಫಲಕವಿತ್ತು. ತಯಾರಾದ ವರ್ಷ, ಗಾಡಿಯ ನಂಬರು ಕೊರೆದ ಫಲಕ. ಕ್ಯಾರಿಯರಿನ ಮುಂದೆ, ಡ್ರೈವರ್ ಕಣ್ಣಿಗೆ ಬೀಳುವಲ್ಲಿ ನಾಲ್ಕು ಸ್ಕ್ರೂ ಹಾಕಿ ಕೂರಿಸಿದ್ದು. ಬೇರೆ ಯಾರಾದರೂ ಬಂದು ನಂಬರು ಬರೆದುಕೊಂಡು ಹೋದರೆ ಎಂಬ ಭಯಕ್ಕೆ ಮೂರನೇ ವರ್ಷವೇ ಅವನದನ್ನು ಬಿಚ್ಚಿ ತಂದಿದ್ದ. ಕದ್ದದ್ದಲ್ಲ, ಕಾಪಾಡಿದ್ದು ಎಂದು ಅವನ ವಾದ. ವಾರಕ್ಕೊಮ್ಮೆ ಪಾಲಿಶ್ ಹಾಕಿ ಉಜ್ಜುತ್ತಿದ್ದ.

ಹೆಂಡತಿ ಗ್ಲೆನಿಸ್ ಬಾಗಿಲಲ್ಲಿ ನಿಂತು ನೋಡಿದಳು. ಅವನ ಮುಖ ನೋಡಿಯೇ ಅವಳಿಗೆ ಅರ್ಧ ಗೊತ್ತಾಯಿತು. ಉಳಿದರ್ಧ ಅವನೇ ಹೇಳಿದ.

"ಕೇಳಿದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದಳು.

"ನಿಂಗೆ ಅರ್ಥ ಆಗಲ್ಲ ಗ್ಲೆನ್. ಕೇಳಬಾರ್ದು. ಅದು ರೀತಿ."

"ಡಾರ್ಸಿ ಕೇಳಿದ್ನಲ್ಲ."

"ಡಾರ್ಸಿಗೆ ನಾಚಿಕೆ ಇಲ್ಲ!"

"ನಾಚಿಕೆ ಇಲ್ದೋನ ಮನೇಲಿ ಗಾಡಿ ಇದೆ. ನಿನ್ನ ಹತ್ರ ಡಬ್ಬಿ ಇದೆ," ಎಂದು ಅವಳು ಒಳಗೆ ಹೋದಳು. ಹೋದವಳು ತಿರುಗಿ ಬಂದು, "ಊಟಕ್ಕೆ ಕುರಿ ಮಾಂಸ ಮಾಡಿದೀನಿ, ಬಾ," ಎಂದಳು. ಅವನು ಸರಿಯಾಗಿ ಊಟ ಮಾಡಲಿಲ್ಲ.

ಸೋಮವಾರ ಬೆಳಿಗ್ಗೆ ಸೆಲ್ವಿನ್ ಹಿಲ್ಡಾಳ ಮನೆಗೆ ಹೊರಟ. ಫಲಕ ಅಂಗಿಯ ಜೇಬಿನಲ್ಲಿತ್ತು. ಮುದುಕಿಗೆ ಡಾರ್ಸಿ ಏನೋ ಬಣ್ಣದ ಮಾತಾಡಿ ಮೋಸ ಮಾಡಿದ್ದಾನೆ, ಅದನ್ನು ಬಯಲಿಗೆಳೆಯುತ್ತೇನೆ ಎಂದು ದಾರಿಯುದ್ದಕ್ಕೂ ಹಲ್ಲು ಕಡಿದ. ಗೇಟು ದಾಟಿದವನಿಗೆ ಮೊದಲು ಕಂಡದ್ದು ಮನೆಯ ಪಕ್ಕದಲ್ಲಿ ಮಿರಮಿರ ಮಿಂಚುವ ಹಸಿರು ತೊಟ್ಟಿ. ತೇಪೆಗಳಿಂದ ತುಂಬಿದ ಅವನ ಹಳೇ ತೊಟ್ಟಿ ಬೇಲಿಯ ಹತ್ತಿರ ಮಗುಚಿ ಬಿದ್ದಿತ್ತು. ಆಮೇಲೆ ಪೆಪ್ಪರ್‌ಕಾರ್ನ್ ಮರದ ಕೆಳಗಿನ ಖಾಲಿ ಜಾಗ ಕಂಡಿತು. ಹುಲ್ಲಿಲ್ಲದ ಬಿಳಿಚಿದ ನೆಲ, ಅದರ ಮೇಲೆ ಎಲ್ಲಿ ಮೊಟ್ಟೆಯಿಡುವುದೆಂದು ತಿಳಿಯದೆ ಸುತ್ತುತ್ತಿದ್ದ ಮೂರು ಕೋಳಿ. ಸೆಲ್ವಿನ್‌ಗೆ ಕಣ್ಣಲ್ಲಿ ನೀರು ಬಂತು. ಕೋಳಿಗಳ ಮುಂದೆ ಅಳಬಾರದೆಂದು ಮೂಗು ಸೀನಿದ.

"ಇವತ್ತು ಶನಿವಾರ ಅಲ್ವಲ್ಲಪ್ಪ!" ಎಂದು ಹಿಲ್ಡಾ ಬಾಗಿಲು ತೆಗೆದಳು. ಎಂಬತ್ತನಾಲ್ಕರ ಮುದುಕಿ, ನೆಟ್ಟಗೆ ನಿಂತರೆ ಅವನ ಹೆಗಲಿಗೂ ಬರುತ್ತಿರಲಿಲ್ಲ. "ಹೋದ ಸಲ ಬರ್ಲಿಲ್ಲ. ನಾನು ಕೇಕು ಮಾಡಿ ಕಾಯ್ತಾ ಕೂತಿದ್ದೆ. ಆಮೇಲೆ ಪಕ್ಕದ ಹೊಲದೋರಿಗೆ ಕೊಟ್ಟೆ."

"ಮಗಳ ಮನೆಗೆ ಹೋಗಿದ್ದೆ ಮಿಸೆಸ್ ನೋಸ್ಕಿ." ಅವನು ಕುರ್ಚಿಯ ಅಂಚಿನಲ್ಲಿ ಕೂತ. "ಮರದ ಕೆಳಗೆ... ಖಾಲಿ ಖಾಲಿ ಕಾಣುತ್ತೆ."

"ಕೊಟ್ಟುಬಿಟ್ಟೆ. ಹೋದ ತಿಂಗಳು ನೀನು ಬಂದು ಹೋದ ಮೇಲಿನ ಬುಧವಾರ ನಿನ್ನ ತೇಪೆ ಕಿತ್ಕೊಂಡು ಅಂಗಳ ಎಲ್ಲಾ ನೀರು. ತಪ್ಪು ತಿಳ್ಕೋಬೇಡ, ನೀನು ಮನಸಿಟ್ಟೇ ಹಾಕಿದ್ದೆ, ತೊಟ್ಟಿಗೆ ವಯಸ್ಸಾಗಿತ್ತು. ಆ ಡಾರ್ಸಿ ಬಂದ. ಬಂದೋನೇ, 'ಅಜ್ಜಿ, ಆ ಕ್ಯಾರಿಯರ್ ಮೇಲೆ ನಂಗೆ ಕಣ್ಣು ಬಿದ್ದಿದೆ, ಕೊಡ್ತೀರಾ?' ಅಂದ. ನಾನು ಕೊಡಲ್ಲ ಅಂದೆ."

ಸೆಲ್ವಿನ್ ತಲೆಯೆತ್ತಿದ.

"ಅದು ಸೆಲ್ವಿನ್‌ಗೆ ಅಂತ ಇಟ್ಟಿರೋದು, ಮೊದ್ಲು ಅವನ್ನ ಕೇಳ್ಕೊಂಡ್ ಬಾ ಅಂದೆ. ಬ್ರೂನೋ ಸಾಯೋ ಮುಂಚೆ ಆಸ್ಪತ್ರೇಲಿ ನಂಗೆ ಹೇಳಿದ್ರು, 'ಆ ಸೆಲ್ವಿನ್ ಒಂದಲ್ಲ ಒಂದು ದಿನ ಕೇಳ್ತಾನೆ. ಕೇಳಿದ್ರೆ ಕೊಟ್ಬಿಡು, ದುಡ್ಡು ತಗೋಬೇಡ' ಅಂತ."

"ದುಡ್ಡು ತಗೋಬೇಡ ಅಂತ?"

"ಹೂಂನಪ್ಪ. ಅವ್ರಿಗೆ ನಿನ್ನ ಕಂಡ್ರೆ ಇಷ್ಟ. ಕೋಳಿ ಗೂಡಾ ಅಂತ ಕೇಳಿದ್ಯಲ್ಲ, ಅದನ್ನ ಹೇಳ್ಕೊಂಡು ನಗೋರು. ನಾನೂ ಕಾದೆ. ಈ ಹಳೇ ಕಬ್ಬಿಣ ಜಾಗ ತಿನ್ನುತ್ತೆ ಅಂತ ಎಷ್ಟು ಸಲ ನಿನ್ನ ಮುಂದೆ ಹೇಳ್ದೆ! ನೀನು ಕೋಳಿಗೆ ನೆರಳಿರ್ಲಿ ಬಿಡಿ ಅಂದೆ. ಹುಲ್ಲು ಬೇರೆ ತಂದು ಹಾಸಿದೆ."

ಸೆಲ್ವಿನ್‌ಗೆ ನೆನಪಿತ್ತು. ಅವಳು ಹಾಗೆಂದಾಗಲೆಲ್ಲ ಇದು ಪರೀಕ್ಷೆ ಎಂದುಕೊಂಡು, ತಕ್ಷಣ ಹೂಂ ಅನ್ನಬಾರದು ಎಂದು ತುಟಿ ಪಿಟಕ್ಕೆನ್ನದೆ ಕೂತಿದ್ದ. ಆಮೇಲೆ ಜಾಣನಂತೆ ಕೋಳಿಯ ಮಾತು ತೆಗೆದಿದ್ದ.

"ಆಮೇಲಿನ ಸೋಮವಾರ ಡಾರ್ಸಿ ಫೋನ್ ಮಾಡಿದ," ಎಂದಳು ಹಿಲ್ಡಾ ಕೇಕು ಕೊಯ್ಯುತ್ತ. "'ಕೇಳ್ದೆ ಅಜ್ಜಿ, ಎಲ್ಲರ ಮುಂದೆ ಕೇಳ್ದೆ. ಬಿಟ್ಟಿ ಕೊಟ್ರೂ ಬೇಡ, ಶೆಡ್ಡಲ್ಲಿ ಜಾಗ ದಂಡ ಅಂದ' ಅಂತ. ಹಾಗಂದ್ಯಾ ನೀನು?"

"ಅಂದೆ," ಎಂದ ಸೆಲ್ವಿನ್. ಸ್ವರ ಯಾರದೋ ಬಾಯಿಂದ ಬಂದಂತಿತ್ತು.

"ನಂಗೆ ಎಷ್ಟು ಸಂತೋಷ ಆಯ್ತು ಗೊತ್ತಾ?" ಅವಳು ಚಾಕು ಕೆಳಗಿಟ್ಟು ಅವನ ಕೈ ಮೇಲೆ ಕೈಯಿಟ್ಟಳು. "ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಇಷ್ಟು ವರ್ಷ ನಂಗೆ ಒಂದು ಅನುಮಾನ ಇತ್ತು. ಇವನು ಬರೋದು ಆ ಗಾಡಿಗೋಸ್ಕರ, ಅದು ಸಿಕ್ಕಿದ ದಿನ ಬರೋದು ನಿಲ್ಲಿಸ್ತಾನೆ ಅಂತ. ಅದಕ್ಕೇ ನಾನಾಗಿ ನಾನು ಕೊಡೋಕೆ ಹೋಗ್ಲಿಲ್ಲ. ಕೇಳಿದ್ರೆ ಕೊಡೋಣ ಅಂತಿದ್ದೆ. ಬಿಟ್ಟಿ ಕೊಟ್ರೂ ಬೇಡ ಅಂದೆ ನೋಡು, ಆಗ ಗೊತ್ತಾಯ್ತು. ನೀನು ನನ್ನ ನೋಡೋಕೇ ಬರ್ತಿದ್ದೆ."

ಸೆಲ್ವಿನ್ ಜೇಬಿನ ಮೇಲೆ ಕೈಯಿಟ್ಟುಕೊಂಡ. ಫಲಕ ಎದೆಗೆ ಒತ್ತುತ್ತಿತ್ತು.

"ಅಲ್ವೇನಪ್ಪ?"

"ಹೌದು ಮಿಸೆಸ್ ನೋಸ್ಕಿ," ಎಂದ. "ಮತ್ತಿನ್ಯಾಕೆ ಬರ್ತಾರೆ?"

ಎರಡು ತುಂಡು ಕೇಕು ತಿಂದ. ಹಿಂದೆ ಒಂದು ಸಲವೂ ಅದರ ರುಚಿ ನೋಡಿ ತಿಂದಿರಲಿಲ್ಲ, ಕಣ್ಣು ಯಾವಾಗಲೂ ಕಿಟಕಿಯಾಚೆಯ ಮರದ ಮೇಲಿರುತ್ತಿತ್ತು. ಈಗ ನೋಡಲು ಅಲ್ಲೇನೂ ಇರಲಿಲ್ಲ.

ವ್ಯಾನಿನಲ್ಲಿ ಕೂತ ಮೇಲೆ ಹೊಟ್ಟೆಯೊಳಗಿನ ಬೆಂಕಿ ಮತ್ತೆ ಹೊತ್ತಿಕೊಂಡಿತು. ತನ್ನ ಮೇಲೆ ಸಿಟ್ಟು ಬಂದರೆ ಮನುಷ್ಯ ಅದನ್ನು ಬಹಳ ಹೊತ್ತು ತನ್ನ ಮೇಲೆ ಇಟ್ಟುಕೊಳ್ಳುವುದಿಲ್ಲ, ಬೇರೆಯವರ ಮೇಲೆ ಹೊರಿಸುತ್ತಾನೆ. ಡಿಂಬೂಲಾ ಬರುವ ಹೊತ್ತಿಗೆ ತಪ್ಪೆಲ್ಲ ಡಾರ್ಸಿಯದಾಗಿತ್ತು. ಹಿಲ್ಡಾ ಕಳಿಸಿದ್ದಾಳೆ ಎಂದು ಹೇಳದೆ, ಹನ್ನೊಂದು ಜನ ಸುತ್ತ ನಿಂತಿರುವಾಗ, ಇಕ್ಕಳ ಆಡಿಸುತ್ತ ಕೇಳಿದರೆ ಅದು ಕೇಳಿದ್ದೇ? ಕೇಳಿದ ಶಾಸ್ತ್ರ ಅಷ್ಟೇ. ಬೇಡ ಅನ್ನುತ್ತಾನೆಂದು ಗೊತ್ತಿದ್ದೇ ಕೇಳಿದ, ಕಳ್ಳ. ಸೆಲ್ವಿನ್ ಮನೆಗೆ ಹೋಗಲಿಲ್ಲ. ವ್ಯಾನನ್ನು ಸೀದಾ ಡಾರ್ಸಿಯ ಶೆಡ್ಡಿಗೆ ತಿರುಗಿಸಿದ.

ಮಧ್ಯಾಹ್ನದ ಬಿಸಿಲು ಶೆಡ್ಡಿನ ಬಾಗಿಲವರೆಗೆ ಬಿದ್ದಿತ್ತು. ಡಾರ್ಸಿ ಕ್ಯಾರಿಯರಿನ ಪಕ್ಕದಲ್ಲಿ ಮೊಣಕಾಲೂರಿ ಕೂತು, ಒದ್ದೆ ಮಾಡಿದ ಉಪ್ಪು ಕಾಗದದಿಂದ ಬಣ್ಣ ಉಜ್ಜುತ್ತಿದ್ದ. ಮೇಲಿನ ಕೆಂಪು ಬ್ರೂನೋ ಬಳಿದದ್ದು. ಅದರ ಕೆಳಗೆ ಬೂದು, ಅದರ ಕೆಳಗೆ ಸೈನ್ಯದ ಹಸಿರು. ಒಂದೊಂದೇ ಪದರ ನಿಧಾನವಾಗಿ ಬಿಡಿಸಿದರೆ ಅರವತ್ತು ವರ್ಷದ ಹಿಂದೆ ಸೈನ್ಯದವರು ಬರೆದ ನಂಬರು ಏಳುತ್ತದೆ. ಗಾಡಿ ಕೂಡಿಡುವವನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಗಳಿಗೆ ಇಲ್ಲ. ಆ ಗಳಿಗೆಯನ್ನು ಸೆಲ್ವಿನ್ ಮನಸ್ಸಿನಲ್ಲಿ ಸಾವಿರ ಸಲ ಅನುಭವಿಸಿದ್ದ. ಈಗ ಅದು ಡಾರ್ಸಿಯ ಬೆರಳ ಕೆಳಗೆ ಆಗುತ್ತಿತ್ತು. ಬಿಳಿಯ ಎರಡು ಅಂಕಿ ಆಗಲೇ ಎದ್ದಿದ್ದವು. ಜೇಬಿನ ಫಲಕದ ನಂಬರು ಬಾಯಿಪಾಠವಾಗಿದ್ದ ಸೆಲ್ವಿನ್‌ಗೆ ಅವುಗಳ ಮುಂದಿನದು ಏನೆಂದು ನೋಡದೆಯೂ ಗೊತ್ತಿತ್ತು.

"ಹಿಲ್ಡಾ ಹೆಸರು ಯಾಕೋ ಹೇಳ್ಲಿಲ್ಲ?" ಎಂದ ಬಾಗಿಲಲ್ಲೇ ನಿಂತು.

ಡಾರ್ಸಿ ತಿರುಗಿ ನೋಡಿದ. ಯಾವ ದಿನದ ಮಾತು ಎಂದು ಕೇಳಲಿಲ್ಲ.

"ಹೆಸರು ಹೇಳಿದ್ರೆ ಉಳಿದ ಹನ್ನೊಂದು ಜನ ಮರುದಿನವೇ ಆ ಮುದುಕಿ ಗೇಟಲ್ಲಿ ನಿಂತಿರೋರು. ಗೊತ್ತಿಲ್ವಾ ನಿಂಗೆ?"

"ನನ್ನ ಪಕ್ಕಕ್ಕೆ ಕರೆದು ಕೇಳ್ಬಹುದಿತ್ತು."

"ಕರೀಬಹುದಿತ್ತು," ಎಂದು ಡಾರ್ಸಿ ಒಪ್ಪಿದ. ಕಾಗದ ಕೆಳಗಿಟ್ಟು ಕೈ ಒರೆಸಿಕೊಂಡ. ಎದ್ದು ನಿಂತ. "ಆಗ್ಲಿಂದ ನಂಗೂ ಅದೇ ತಲೆ ತಿಂತಿದೆ. ನೀನು ಅಲ್ಲಿಂದ ಹೊರಟ ತಕ್ಷಣ ಹಿಲ್ಡಜ್ಜಿ ಫೋನ್ ಮಾಡಿದ್ರು. ಸೆಲ್ವಿನ್ ಬಂದಿದ್ದ, ಯಾಕೋ ಮಂಕಾಗಿದ್ದ, ಹುಷಾರಿಲ್ವೇನೋ ನೋಡು ಅಂದ್ರು. ಹನ್ನೊಂದು ವರ್ಷ ಹೋಗ್ತಿದ್ಯಂತಲ್ಲೋ. ಒಂದು ದಿನಾನೂ ನಮ್ಮ ಹತ್ರ ಬಾಯಿ ಬಿಡ್ಲಿಲ್ಲ ನೀನು." ಅವನು ಕ್ಯಾರಿಯರಿನ ಅಂಚಿನ ಮೇಲೆ ಕೈಯಿಟ್ಟ. "ಈಗ ಇಲ್ಲಿ ಯಾರೂ ಇಲ್ಲ. ನಾವಿಬ್ರೇ. ಸರಿಯಾಗಿ ಕೇಳ್ತಿದೀನಿ. ನಿಂಗೆ ಬೇಕೇನೋ ಇದು? ಬೇಕು ಅಂತ ಒಂದು ಮಾತು ಹೇಳು. ತೊಟ್ಟಿ ಬೆಲೆ ಕೊಟ್ಟು ಎತ್ಕೊಂಡ್ ಹೋಗು."

ಶೆಡ್ಡಿನ ತಗಡು ಬಿಸಿಲಿಗೆ ಟಿಕ್ ಟಿಕ್ ಎನ್ನುತ್ತಿತ್ತು. ಬೇಕು. ಎರಡಕ್ಷರ. ಹನ್ನೊಂದು ವರ್ಷದಿಂದ ಗಂಟಲಲ್ಲೇ ಇದ್ದ ಎರಡಕ್ಷರ. ಹೇಳಿದರೆ ಸಂಘದ ಪತ್ರಿಕೆಯ ಎರಡು ಪುಟ ಹಿಡಿದುಕೊಂಡು ಊರೇ ನಗುತ್ತದೆ. ನಗಲಿ. ಆದರೆ ಗಾಡಿ ತನ್ನ ಶೆಡ್ಡಿಗೆ ಬಂದ ಮರುದಿನ ಹಿಲ್ಡಾಗೂ ತಿಳಿಯುತ್ತದೆ. ಹಿಲ್ಡಾ ಕೈ ಮೇಲೆ ಕೈಯಿಟ್ಟದ್ದು ನೆನಪಾಯಿತು.

ಇದನ್ನು ಕೇಳಿ ಸೆಲ್ವಿನ್‌ನದು ದೊಡ್ಡ ಮನಸ್ಸು ಎಂದು ಯಾರೂ ತಿಳಿಯಬೇಡಿ. ಮುದುಕಿಯ ನೆನಪು ಬಂದದ್ದು ನಿಜ, ಆದರೆ ಅದಕ್ಕಿಂತ ಮೊದಲೇ ನಾಲಿಗೆ ತನ್ನ ಅಭ್ಯಾಸದ ದಾರಿ ಹಿಡಿದಾಗಿತ್ತು.

"ನಂಗಾ? ಇದಾ?" ಎಂದ. "ಬಿಟ್ಟಿ ಕೊಟ್ರೂ ಬೇಡ ಮಾರಾಯ."

ಡಾರ್ಸಿಯ ಮುಖದಲ್ಲಿ ಹೋದ ಜೀವ ಬಂತು. ಅವನು ಅದನ್ನು ಮುಚ್ಚಿಡಲು ನೋಡಿದ, ಆಗಲಿಲ್ಲ. ಬಾಯಿ ಕಿವಿವರೆಗೆ ಹೋಯಿತು. ಆ ಸಂತೋಷ ನೋಡಿ ಸೆಲ್ವಿನ್‌ಗೆ ಕರುಳು ಸುಟ್ಟ ಹಾಗಾಯಿತು. ತಾನು ಪಡಬೇಕಾದ ಸಂತೋಷವನ್ನು ಇನ್ನೊಬ್ಬನ ಮುಖದ ಮೇಲೆ ನೋಡುವುದು ಎಂದರೇನು ಎನ್ನುವುದು ತನಗೆ ಗೊತ್ತಿದೆ ಎಂದು ಅವನು ಅಲ್ಲಿಯವರೆಗೆ ಅಂದುಕೊಂಡಿದ್ದ. ಗೊತ್ತಿರಲಿಲ್ಲ.

"ಬಾ, ಬಾ, ಒಳಗೆ ನೋಡು," ಎಂದು ಡಾರ್ಸಿ ಹುರುಪಿನಿಂದ ಎಳೆದ. "ಎಲ್ಲಾ ಇದೆ. ಎಂಜಿನ್ನು, ಸ್ಟೀರಿಂಗು, ಸೀಟಿನ ಕಂಬಿ ಕೂಡ ಹಳೇದೇ. ಒಂದೇ ಒಂದು ಇಲ್ಲ. ಪ್ಲೇಟು. ಯಾವನೋ ದರಿದ್ರದೋನು ಬಿಚ್ಕೊಂಡ್ ಹೋಗಿದ್ದಾನೆ. ಅದಿಲ್ದೆ ಇದು ಇಂಥದ್ದೇ ಗಾಡಿ ಅಂತ ಹೇಗಯ್ಯಾ ತೋರಿಸ್ಲಿ?"

ಡ್ರೈವರ್ ಮುಂದಿನ ತಗಡಿನ ಮೇಲೆ ನಾಲ್ಕು ತೂತಿನ ಒಂದು ಚೌಕ ಜಾಗ ಖಾಲಿಯಿತ್ತು. ಹಲ್ಲು ಬಿದ್ದ ಬಾಯಿಯ ಹಾಗೆ. ಸುಮ್ಮನೆ ಮನೆಗೆ ಹೋಗಿ ಡಬ್ಬಿ ಮುಚ್ಚಿಟ್ಟುಬಿಟ್ಟರೆ ಆ ಜಾಗ ಡಾರ್ಸಿ ಸಾಯುವವರೆಗೂ ಖಾಲಿಯೇ ಇರುತ್ತದೆ ಎಂದು ಸೆಲ್ವಿನ್‌ಗೆ ಗೊತ್ತಿತ್ತು. ಆ ಯೋಚನೆ ಸಿಹಿಯಾಗಿಯೇ ಇತ್ತು. ಒಂದು ಕ್ಷಣ ಅದನ್ನು ಚಪ್ಪರಿಸಿದ. ಆದರೆ ಖಾಲಿಯಾಗಿ ಕಾಣುತ್ತಿದ್ದದ್ದು ಡಾರ್ಸಿಯಲ್ಲ, ಕ್ಯಾರಿಯರ್. ಅದು ಹಾಗೆ ಊನವಾಗಿ ನಿಂತಿರುವುದನ್ನು ಅವನಿಂದ ನೋಡಲಾಗಲಿಲ್ಲ.

ಜೇಬಿಗೆ ಕೈ ಹಾಕಿ ಬಟ್ಟೆ ಬಿಚ್ಚಿ ಫಲಕವನ್ನು ಅವನ ಅಂಗೈಯಲ್ಲಿಟ್ಟ.

"ಹುಲ್ಲಲ್ಲಿ ಬಿದ್ದಿತ್ತು," ಎಂದ. "ಕೋಳಿಗಳು ಕೆದರ್ತಿದ್ವು. ಹಿಲ್ಡಾ ಮನೇಲಿ, ಇವತ್ತು."

ಡಾರ್ಸಿ ಫಲಕವನ್ನು ಬೆಳಕಿಗೆ ಹಿಡಿದ. ಅರವತ್ತು ವರ್ಷ ಮಳೆಬಿಸಿಲಲ್ಲಿ ಬಿದ್ದ ಹಿತ್ತಾಳೆ ಕಪ್ಪಗಾಗಿರಬೇಕು, ಹಸಿರು ಕಟ್ಟಿರಬೇಕು. ಇದು ಬಂಗಾರದ ಹಾಗೆ ಹೊಳೆಯುತ್ತಿತ್ತು. ಉಜ್ಜಿ ಉಜ್ಜಿ ಅಂಚಿನ ಅಕ್ಷರಗಳು ಸವೆದಿದ್ದವು. ಪಾಲಿಶಿನ ವಾಸನೆ ಇನ್ನೂ ಇತ್ತು. ಡಾರ್ಸಿಯ ಮುಖದ ಮೇಲಿನ ನಗು ಮೆಲ್ಲಗೆ ಇಳಿಯಿತು. ಅವನು ಫಲಕ ನೋಡಿದ, ಸೆಲ್ವಿನ್‌ನನ್ನು ನೋಡಿದ, ಮತ್ತೆ ಫಲಕ ನೋಡಿದ. ಬೇಡದ ಗಾಡಿಯ ಫಲಕವನ್ನು ಯಾರೂ ಹಾಗೆ ಉಜ್ಜುವುದಿಲ್ಲ. ಅದು ಅರ್ಥವಾಗಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಎರಡು ಸಲ ಕೇಳಿದ್ದ ಡಾರ್ಸಿ, ಈಗ ಮೂರನೇ ಸಲ ಕೇಳಬಹುದಿತ್ತು. ಅವನ ಬಾಯಿ ತೆರೆದದ್ದನ್ನು ಸೆಲ್ವಿನ್ ನೋಡಿದ. ಈ ಸಲ ಕೇಳಿದರೆ ಹೇಳಿಬಿಡುತ್ತೇನೆ ಎಂದುಕೊಂಡ. ಕಾದ.

ಡಾರ್ಸಿ ಬಾಯಿ ಮುಚ್ಚಿದ. ಬೆಂಚಿನ ಮೇಲಿಂದ ನಾಲ್ಕು ಹಿತ್ತಾಳೆ ಸ್ಕ್ರೂ, ಒಂದು ಸ್ಕ್ರೂಡ್ರೈವರು ಆರಿಸಿ ತಂದು ಫಲಕದ ಜೊತೆ ಸೆಲ್ವಿನ್‌ನ ಕೈಗೆ ಕೊಟ್ಟ.

"ನೀನೇ ಹಾಕು," ಎಂದ. ಅವನ ಕಣ್ಣು ನೆಲದ ಮೇಲಿತ್ತು.

ಸೆಲ್ವಿನ್ ಕ್ಯಾರಿಯರ್ ಹತ್ತಿ ಡ್ರೈವರ್ ಜಾಗದಲ್ಲಿ ಕೂತ. ಹುಲ್ಲು ಇನ್ನೂ ಇತ್ತು. ಡಾರ್ಸಿಗೆ ನಾಲ್ಕು ಬೈಗುಳ ಬೈಯಬೇಕೆಂದು ಹುಡುಕಿದ, ಒಂದೂ ಸಿಗಲಿಲ್ಲ. ಡಾರ್ಸಿಯ ಜಾಗದಲ್ಲಿ ತಾನಿದ್ದಿದ್ದರೆ ಮೊದಲನೇ ಸಲವೂ ಕೇಳುತ್ತಿರಲಿಲ್ಲ. ಮೂರು ಸ್ಕ್ರೂ ಸಲೀಸಾಗಿ ಕೂತವು. ನಾಲ್ಕನೆಯದು ಸ್ವಲ್ಪ ಬಿಗಿಯಾಗಿತ್ತು. ಅದನ್ನು ಬಹಳ ಹೊತ್ತು, ಬೇಕಾದದ್ದಕ್ಕಿಂತ ಬಹಳ ಹೊತ್ತು, ತಿರುಗಿಸುತ್ತ ಕೂತಿದ್ದ. ಆಮೇಲೆ ಇಳಿದ.